ಕೂತು ಕೇಳಿದ ರಾಕ್

ಬೆಂಗಳೂರಿನ ಬ್ರಿಗೇಡ್ ರಸ್ತೆಯಿಂದ ಪಕ್ಕಕ್ಕೆ ಹೊರಳುವ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ಪೆಕೋಸ್ ಎಂಬ ಪಬ್ಬು ಶುರುವಾಯಿತು. ಜಿಮಿ ಹೆಂಡ್ರಿಕ್ಸ್‌ನ 1967ರ ಹಾಡೊಂದರ ಹೆಸರನ್ನೇ ಇಟ್ಟುಕೊಂಡ ಪರ್ಪಲ್ ಹೇಜ್ ರೆಸಿಡೆನ್ಸಿ ರಸ್ತೆಗೆ ಬಂತು. ಕೋರಮಂಗಲದಲ್ಲಿ ಲೆಜೆಂಡ್ಸ್ ಆಫ್ ರಾಕ್ ತೆರೆಯಿತು. 2008ರಲ್ಲಿ ಸೇಂಟ್ ಮಾರ್ಕ್ಸ್ ರಸ್ತೆಯ ಹಳೆಯ ಕಟ್ಟಡವೊಂದಕ್ಕೆ ಹಾರ್ಡ್ ರಾಕ್ ಕೆಫೆ ಬಂದು ಸೇರಿತು. ಈ ಊರಿನ ಒಂದೆರಡು ತಲೆಮಾರಿನ ಯುವಜನರಿಗೆ ರಾತ್ರಿ ಹೊರಗೆ ಹೋಗುವುದೆಂದರೆ ಇಂಥ ಜಾಗಗಳಿಗೆ ಹೋಗುವುದೇ ಆಗಿತ್ತು. ಮಂದ ಬೆಳಕು, ಗೋಡೆ ತುಂಬ ಗಿಟಾರು ಹಿಡಿದವರ ಪೋಸ್ಟರುಗಳು, ಮರದ ಬೆಂಚು, ಮೇಜಿನ ಮೇಲೆ ಡ್ರಾಫ್ಟ್ ಬಿಯರಿನ ಪಿಚರು, ಎದುರು ಕೂತವರ ಮಾತು ಕೇಳಿಸದಷ್ಟು ಜೋರಾದ ಸಂಗೀತ. ಚೀಟಿಯಲ್ಲಿ ಹಾಡಿನ ಹೆಸರು ಬರೆದು ಡಿಜೆಗೆ ಕಳಿಸುವುದು, ತನ್ನ ಹಾಡು ಬಂದಾಗ ಕಣ್ಣು ಮುಚ್ಚಿ ತಲೆಯಾಡಿಸುವುದು, ಇಲ್ಲದ ಗಿಟಾರನ್ನು ಗಾಳಿಯಲ್ಲೇ ನುಡಿಸುವುದು ಇಲ್ಲಿಯ ರೂಢಿಗಳಾದವು. ಒಂದು ಸಂಗತಿ ಮಾತ್ರ ಹೊರಗಿನಿಂದ ಬಂದವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಬಹುಪಾಲು ರಾತ್ರಿಗಳಲ್ಲಿ ಅಲ್ಲಿ ಹಾಡುವವರು ಇರುತ್ತಿರಲಿಲ್ಲ, ಕುಣಿಯುವವರೂ ಇರುತ್ತಿರಲಿಲ್ಲ. ಮೈ ಕುಣಿಸಲೆಂದೇ ಹುಟ್ಟಿದ ಸಂಗೀತವನ್ನು ಜನ ಕೂತು ಕೇಳುತ್ತಿದ್ದರು. ಇದು ಬೆಂಗಳೂರಿಗರ ಸ್ವಭಾವದಿಂದ ಬಂದದ್ದಲ್ಲ, ಅಬಕಾರಿ ಸನ್ನದಿನಿಂದ ಬಂದದ್ದು ಎಂಬುದು ನನ್ನ ವಾದ. ರಾಕ್ ಸಂಗೀತದ ಜಾಗಗಳು ಎಲ್ಲೆಲ್ಲೂ ತಮ್ಮ ರೂಪವನ್ನು ಪಡೆದದ್ದು ಬಂಡಾಯದಿಂದ ಎಂದು ನಂಬಿರುವವರು ಈ ಊರಿನ ಕತೆಯನ್ನು ಒಮ್ಮೆ ನೋಡಬೇಕು.

ಆ ನಂಬಿಕೆ ಹುಟ್ಟಿದ ಊರುಗಳಲ್ಲೇ ಅದಕ್ಕೆ ಗಟ್ಟಿ ಆಧಾರವಿಲ್ಲ. ಲಿವರ್‌ಪೂಲಿನ ಮ್ಯಾಥ್ಯೂ ಸ್ಟ್ರೀಟಿನ ಗೋದಾಮೊಂದರ ನೆಲಮಾಳಿಗೆಯಲ್ಲಿ 1957ರ ಜನವರಿ 16ರಂದು ತೆರೆದ ಕ್ಯಾವರ್ನ್ ಕ್ಲಬ್ಬನ್ನೇ ನೋಡಿ. ಪ್ಯಾರಿಸ್ಸಿನ ಜಾಝ್ ಮಾಳಿಗೆಗಳನ್ನು ನೋಡಿ ಮೆಚ್ಚಿದ್ದ ಅಲನ್ ಸಿಟ್ನರ್ ಅದನ್ನು ಜಾಝ್‌ಗೆಂದೇ ಕಟ್ಟಿದ. ಅದಕ್ಕೆ ಮದ್ಯದ ಪರವಾನಗಿ ಇರಲಿಲ್ಲ. ಕಾಫಿ, ಕೋಕಾ ಕೋಲಾ, ಸೂಪು ಅಷ್ಟೇ ಸಿಗುತ್ತಿತ್ತು. ಮದ್ಯವಿಲ್ಲದ್ದರಿಂದಲೇ ಹದಿನಾರು ಹದಿನೇಳರ ಹುಡುಗ ಹುಡುಗಿಯರು ಒಳಗೆ ಬರಬಹುದಾಗಿತ್ತು. ಪಬ್ಬುಗಳ ವೇಳೆಯ ಹಂಗಿಲ್ಲದೆ ಮಧ್ಯಾಹ್ನದ ಊಟದ ಬಿಡುವಿನಲ್ಲೂ ಕಾರ್ಯಕ್ರಮ ನಡೆಸಬಹುದಾಗಿತ್ತು. ಸುತ್ತಲಿನ ಆಫೀಸು, ಅಂಗಡಿಗಳಲ್ಲಿ ದುಡಿಯುತ್ತಿದ್ದ ಎಳೆಯರು ಊಟದ ಹೊತ್ತಿಗೆ ಅಲ್ಲಿಗೆ ಇಳಿಯುತ್ತಿದ್ದರು. ಬೀಟಲ್ಸ್ 1961ರ ಫೆಬ್ರವರಿಯಿಂದ 1963ರ ಆಗಸ್ಟ್‌ವರೆಗೆ ಅಲ್ಲಿ ಮುನ್ನೂರರ ಹತ್ತಿರ ಬಾರಿ ನುಡಿಸಿತು. ಮುಂದೆ ಅವರ ಮ್ಯಾನೇಜರ್ ಆದ ಬ್ರಯಾನ್ ಎಪ್ಸ್ಟೀನ್ 1961ರ ನವೆಂಬರಿನಲ್ಲಿ ಅವರನ್ನು ಮೊದಲು ನೋಡಿದ್ದು ರಾತ್ರಿಯಲ್ಲಲ್ಲ, ಹತ್ತಿರದಲ್ಲೇ ಇದ್ದ ತನ್ನ ರೆಕಾರ್ಡ್ ಅಂಗಡಿಯಿಂದ ಮಧ್ಯಾಹ್ನ ನಡೆದುಬಂದು. ಮದ್ಯದ ಪರವಾನಗಿ ಇದ್ದಿದ್ದರೆ ಆ ಮಧ್ಯಾಹ್ನಗಳೂ ಇರುತ್ತಿರಲಿಲ್ಲ, ಆ ಎಳೆಯ ಕೇಳುಗರೂ ಇರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಅತ್ಯಂತ ಹೆಸರಾದ ರಾಕ್ ನೆಲೆಯನ್ನು ರೂಪಿಸಿದ್ದರಲ್ಲಿ ಒಂದು ಕಾಗದದ ಗೈರುಹಾಜರಿಯ ಪಾಲು ಸಣ್ಣದಲ್ಲ.

ನ್ಯೂಯಾರ್ಕಿನ ಉದಾಹರಣೆ ಇನ್ನೂ ಕಠೋರವಾದದ್ದು. ಅಲ್ಲಿಯ ಕ್ಯಾಬರೆ ಕಾನೂನು 1926ರದ್ದು. ಊಟ, ಮದ್ಯ ಮಾರುವ ಜಾಗದಲ್ಲಿ ಕುಣಿತ ನಡೆಯಬೇಕಾದರೆ ಪ್ರತ್ಯೇಕ ಪರವಾನಗಿ ಬೇಕು ಎಂದು ಅದು ವಿಧಿಸಿತು. ಬಹುಕಾಲ ಆ ಪರವಾನಗಿಯಿಲ್ಲದ ಜಾಗಗಳಲ್ಲಿ ಮೂವರಿಗಿಂತ ಹೆಚ್ಚು ವಾದಕರು ಇರುವಂತಿರಲಿಲ್ಲ. ಅವರೂ ಪಿಯಾನೊ, ಅಕಾರ್ಡಿಯನ್ ಅಥವಾ ತಂತಿವಾದ್ಯಗಳನ್ನಷ್ಟೇ ನುಡಿಸಬೇಕಿತ್ತು, ತಮಟೆ ತುತ್ತೂರಿಗಳ ವರ್ಗದ ವಾದ್ಯಗಳಿಗೆ ಪ್ರವೇಶವಿರಲಿಲ್ಲ. ಅಂದರೆ ಡ್ರಮ್ಸ್ ಮತ್ತು ಸ್ಯಾಕ್ಸೊಫೋನು, ಕರಿಯರ ಸಂಗೀತದ ಉಸಿರೇ ಆಗಿದ್ದ ವಾದ್ಯಗಳು, ಸಣ್ಣ ಜಾಗಗಳಿಂದ ಹೊರಗುಳಿದವು. 1940ರಿಂದ 1967ರವರೆಗೆ ಕಲಾವಿದರು ಪೊಲೀಸರಿಂದ ಕ್ಯಾಬರೆ ಕಾರ್ಡು ಪಡೆಯಬೇಕಿತ್ತು. ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಂಕ್‌ರಂಥವರು ಆ ಕಾರ್ಡು ಕಳೆದುಕೊಂಡು ತಮ್ಮದೇ ಊರಿನ ಕ್ಲಬ್ಬುಗಳಲ್ಲಿ ಹಾಡದಂತೆ, ನುಡಿಸದಂತೆ ಆಯಿತು. ಆ ಕಾನೂನು ಪೂರ್ತಿ ರದ್ದಾದದ್ದು 2017ರಲ್ಲಿ. ಜಪಾನಿನಲ್ಲೂ 1948ರ ಕಾನೂನೊಂದು ಕ್ಲಬ್ಬುಗಳಲ್ಲಿ ಮಧ್ಯರಾತ್ರಿಯ ನಂತರದ ಕುಣಿತವನ್ನು ತಡೆದಿತ್ತು. ಅದನ್ನು ಪೊಲೀಸರು ಬಿಗಿಯಾಗಿ ಜಾರಿಗೆ ತಂದ ವರ್ಷಗಳಲ್ಲಿ ಅಲ್ಲಿಯ ಕ್ಲಬ್ಬುಗಳ ಗೋಡೆಗಳಲ್ಲಿ ಕುಣಿಯಬಾರದೆಂಬ ಫಲಕಗಳಿದ್ದವು. ಸಡಿಲಿಸಿದ ನಿಯಮ ಜಾರಿಗೆ ಬಂದದ್ದು 2016ರಲ್ಲಿ. ಟೋಕಿಯೊದ ಆ ಫಲಕಗಳ ಸುದ್ದಿ ಓದಿದ ಬೆಂಗಳೂರಿಗನಿಗೆ ಅಚ್ಚರಿಯಾಗಿರಲಾರದು.

ಬೆಂಗಳೂರಿಗೆ ಪಾಶ್ಚಾತ್ಯ ಸಂಗೀತವೂ ಬಿಯರೂ ಒಂದೇ ದಾರಿಯಲ್ಲಿ ಬಂದವು. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆಗೆ 1809ರಲ್ಲಿ ಇಲ್ಲಿ ದಂಡು ನೆಲೆಯಾಯಿತು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದರೂ ದಂಡಿನ ಪ್ರದೇಶ ಬ್ರಿಟಿಷರಲ್ಲೇ ಉಳಿಯಿತು. ಪೇಟೆಗೂ ದಂಡಿಗೂ ಪುರಸಭೆ, ಭಾಷೆ, ಊಟ, ಸಂಗೀತ ಎಲ್ಲ ಬೇರೆಬೇರೆ. ಎರಡೂ ಒಂದೇ ನಗರಪಾಲಿಕೆಯಡಿ ಬಂದದ್ದು 1949ರಲ್ಲಿ. ಸೈನಿಕರಿಗೆ ಬಿಯರು ಬೇಕಿತ್ತು. ಸುತ್ತಲಿನ ಹಳೆಯ ಐದು ಬ್ರೂವರಿಗಳನ್ನು ಸೇರಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇವತ್ತು ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಇದ್ದದ್ದು ಆ ಕಂಪನಿಯ ಬ್ರೂವರಿಯೇ. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಮಿಲಿಟರಿ ವಾದ್ಯವೃಂದಗಳು ನುಡಿಸುತ್ತಿದ್ದವು, ದಂಡಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಪಿಯಾನೊ, ಗಿಟಾರು ಇದ್ದವು. 1960ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರು ಬಂದಾಗ ಅದನ್ನು ಹಿಡಿಯುವ ಕೈಗಳು ಇಲ್ಲಿ ಆಗಲೇ ತಯಾರಿದ್ದವು. ಸಿಮ್ಲಾ ಎಂಬ ಸಿಗರೇಟಿನ ಹೆಸರಲ್ಲಿ 1970ರ ಸುಮಾರಿಗೆ ನಡೆದ ಬ್ಯಾಂಡ್ ಸ್ಪರ್ಧೆಗೆ ದೇಶದ ಹಲವು ಊರುಗಳಿಂದ ಹುಡುಗರು ಬಂದರು, ಅವರ ಹಾಡುಗಳು ಎಲ್‌ಪಿಗಳಾಗಿ ಹೊರಬಿದ್ದವು. ಬೆಂಗಳೂರಿನ ಹ್ಯೂಮನ್ ಬಾಂಡೇಜ್ ಆ ದಶಕದಲ್ಲಿ ದೇಶದುದ್ದಕ್ಕೂ ಹೆಸರಾಯಿತು. ಮುಂಬಯಿಯ ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಡಿಸ್ಕೊಥೆಕ್ಕಿನಲ್ಲಿ 1972ರಲ್ಲಿ ಲೆಡ್ ಜೆಪ್ಪೆಲಿನ್ನಿನ ಜಿಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಒಂದು ರಾತ್ರಿ ಮುಂದಾಗಿ ಸ್ಥಳೀಯರ ವಾದ್ಯಗಳನ್ನೇ ಹಿಡಿದು ನುಡಿಸಿದರು. ಅಂದರೆ ಭಾರತದ ರಾಕ್ ಅದರ ಮೊದಲ ಘಟ್ಟದಲ್ಲಿ ಎದುರಿಗೆ ನಿಂತು ನುಡಿಸುವ ಕಲೆಯಾಗಿತ್ತು. ಬೆಂಗಳೂರಿನಲ್ಲೂ ಕಾಲೇಜುಗಳು, ಹೋಟೆಲುಗಳು, ಕಬ್ಬನ್ ಪಾರ್ಕಿನ ಬಯಲು ಅದಕ್ಕೆ ವೇದಿಕೆಯಾಗಿದ್ದವು.

ಹೀಗೆ ನುಡಿಸುವವರ ಊರಾಗಿದ್ದದ್ದು 1980ರ ದಶಕದ ಕೊನೆಗೆ ಕೇಳುವವರ ಊರಾದದ್ದು ಹೇಗೆ ಎಂಬುದೇ ಪ್ರಶ್ನೆ. ಉತ್ತರದ ಒಂದು ತುದಿ 1967ರ ಅಬಕಾರಿ ನಿಯಮಗಳಲ್ಲಿದೆ. ಸನ್ನದುಗಳ ಸಾಮಾನ್ಯ ಷರತ್ತುಗಳನ್ನು ಹೇಳುವ ಆ ನಿಯಮಗಳು ಮದ್ಯ ಮಾರುವ ಜಾಗದಲ್ಲಿ ಸನ್ನದುದಾರನು ಗಲಾಟೆಗೂ ಜೂಜಿಗೂ ಕುಣಿತಕ್ಕೂ ಅವಕಾಶ ಕೊಡಬಾರದು ಎನ್ನುತ್ತವೆ. ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದನ್ನು ಗಮನಿಸಬೇಕು. ಈ ನಿಯಮ ಬರೆದವರ ಕಣ್ಣೆದುರು ಇದ್ದದ್ದು ಸಾರಾಯಿ ಅಂಗಡಿ, ಹೆಂಡದಂಗಡಿಗಳು. ಗಿಟಾರಿನ ಪೋಸ್ಟರು ಅಂಟಿಸಿದ ಪಬ್ಬು ಅವರ ಕಲ್ಪನೆಯಲ್ಲೂ ಇರಲಿಲ್ಲ. ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ ಪಬ್ಬು ತೆರೆಯಹೊರಟವನಿಗೆ ಸಿಕ್ಕ ಚೌಕಟ್ಟು ಅದೇ. ಅವನು ಬಿಯರು ಮಾರಬಹುದು, ಸಂಗೀತ ಹಾಕಬಹುದು, ಗಿರಾಕಿ ಎದ್ದು ಕುಣಿದರೆ ಮಾತ್ರ ಸನ್ನದಿಗೇ ಕುತ್ತು. ಬ್ಯಾಂಡು ಕರೆಸಿದರೆ ಪೊಲೀಸರ ಪ್ರತ್ಯೇಕ ಅನುಮತಿಯ ಓಡಾಟ ಬೇರೆ. ಐದು ಜನ ಬ್ಯಾಂಡಿನವರಿಗೆ ಕೊಡುವ ಸಂಭಾವನೆ, ವೇದಿಕೆಗೆ ಬಿಡಬೇಕಾದ ಜಾಗ, ಠಾಣೆಯ ಮರ್ಜಿ ಇವೆಲ್ಲವನ್ನೂ ಲೆಕ್ಕ ಹಾಕಿದ ಮಾಲೀಕನಿಗೆ ಕ್ಯಾಸೆಟ್ಟುಗಳ ಒಂದು ಕಪಾಟೇ ಲೇಸೆನಿಸಿತು. ಬೇಗ ಮುಚ್ಚುವ ವೇಳೆ, ಮಧ್ಯಾಹ್ನದ ಕಡ್ಡಾಯ ಬಿಡುವು ಇವೂ ಸೇರಿಕೊಂಡು ಬೆಂಗಳೂರಿನ ಪಬ್ಬನ್ನು ಸಂಜೆಯ ಜಾಗವನ್ನಾಗಿ ಮಾಡಿದವು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ರಾತ್ರಿ ರಂಗೇರುವ ಹೊತ್ತಿಗೆ ಇಲ್ಲಿ ಬಿಲ್ಲು ಬರುತ್ತಿತ್ತು.

ರಾಕ್‌ನ ಹೆಸರಿಟ್ಟುಕೊಂಡ ಜಾಗಗಳ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಅವುಗಳಲ್ಲಿ ಸಂಗೀತಗಾರನ ವಸ್ತುಗಳಿರುತ್ತವೆ, ಸಂಗೀತಗಾರ ಇರಬೇಕೆಂದೇನಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಐಸಾಕ್ ಟಿಗ್ರೆಟ್ ಮತ್ತು ಪೀಟರ್ ಮಾರ್ಟನ್ ತೆರೆದ ಹಾರ್ಡ್ ರಾಕ್ ಕೆಫೆಯ ಗೋಡೆಗೆ ಮೊದಲು ಏರಿದ್ದು ಎರಿಕ್ ಕ್ಲಾಪ್ಟನ್ನನ ಗಿಟಾರು, ತಾನು ಕೂರುವ ಜಾಗದ ಗುರುತಿಗೆಂದು. ಲಂಡನ್ನಿನಲ್ಲಿ ಇದೊಂದು ವ್ಯಾಪಾರದ ಆಯ್ಕೆ. ಕ್ಲಾಪ್ಟನ್ನನನ್ನೇ ಕೇಳಬೇಕೆಂದವನಿಗೆ ಅಲ್ಲಿ ಬೇರೆ ಜಾಗಗಳಿದ್ದವು. ಬೆಂಗಳೂರಿನಲ್ಲಿ ಅಂಥ ಬೇರೆ ಜಾಗ ಇರಲಿಲ್ಲ. ಇಲ್ಲಿ ಗೋಡೆಯ ಮೇಲಿನ ಪೋಸ್ಟರು ಮತ್ತು ಡಿಜೆಯ ಕಪಾಟು ಕಲಾವಿದನ ಬದಲಿಗೇ ನಿಂತವು. ಹಾಗಾಗಿ ಯಾವ ಪಬ್ಬಿನಲ್ಲಿ ಎಂಥ ಸಂಗ್ರಹವಿದೆ ಎಂಬುದೇ ಅದರ ಪ್ರತಿಷ್ಠೆಯಾಯಿತು. ಒಂದು ಹಾಡಿನ ಸ್ಟುಡಿಯೊ ಆವೃತ್ತಿಗೂ ಲೈವ್ ಆವೃತ್ತಿಗೂ ಇರುವ ವ್ಯತ್ಯಾಸ, ಯಾವ ವರ್ಷ ಯಾವ ಡ್ರಮ್ಮರ್ ಬ್ಯಾಂಡು ಬಿಟ್ಟ ಎಂಬ ಚರ್ಚೆ ಮೇಜುಗಳ ಮೇಲೆ ನಡೆಯುತ್ತಿತ್ತು. ಕಚೇರಿಗೆ ಹೋಗಿ ತೊಡೆಯ ಮೇಲೆ ತಾಳ ಹಾಕುತ್ತ ಕೂರುವ ಚಾಮರಾಜಪೇಟೆಯ ರಸಿಕನಿಗೂ ಈ ಕೇಳುಗನಿಗೂ ಇದ್ದ ಅಂತರ ಇಬ್ಬರೂ ಭಾವಿಸಿದಷ್ಟು ದೊಡ್ಡದಲ್ಲ.

ಈ ಕೇಳುವ ಶಿಸ್ತಿನ ಫಲ ಕಂಡದ್ದು ಅರಮನೆ ಮೈದಾನದಲ್ಲಿ. ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್ 2002ರಲ್ಲಿ ಬಂದರು. ರೋಲಿಂಗ್ ಸ್ಟೋನ್ಸ್ ಭಾರತದಲ್ಲಿ ಮೊಟ್ಟಮೊದಲು ವೇದಿಕೆ ಏರಿದ್ದು 2003ರ ಏಪ್ರಿಲ್ 4ರಂದು ಇದೇ ಊರಿನಲ್ಲಿ, ಮಳೆಯ ನಡುವೆ. 2005ರಲ್ಲಿ ಮಾರ್ಕ್ ನಾಫ್ಲರ್ ಬಂದರು. 2007ರ ಮಾರ್ಚಿನಲ್ಲಿ ಐರನ್ ಮೇಡನ್, ಅದೇ ಜೂನಿನಲ್ಲಿ ಏರೋಸ್ಮಿತ್. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಗುರುಗ್ರಾಮದಲ್ಲಿ ರದ್ದಾಗಿ ಗೊಂದಲಕ್ಕೆ ಕಾರಣವಾದ ಆ ಪ್ರವಾಸ ಬೆಂಗಳೂರಿನಲ್ಲಿ ಸಾಂಗವಾಗಿ ನಡೆಯಿತು. ದೆಹಲಿ, ಮುಂಬಯಿಗಳಲ್ಲಿ ಇದಕ್ಕಿಂತ ಹೆಚ್ಚು ಹಣ, ಹೆಚ್ಚು ಜನ ಇದ್ದರೂ ಹಾರ್ಡ್ ರಾಕ್, ಹೆವಿ ಮೆಟಲ್ ತಂಡಗಳನ್ನು ಕರೆಸುವವರು ಈ ಊರನ್ನು ಮತ್ತೆ ಮತ್ತೆ ಆರಿಸಿದ್ದು ಕಾಕತಾಳೀಯವಲ್ಲ. ಹದಿನೈದು ವರ್ಷ ಪಬ್ಬುಗಳಲ್ಲಿ ಕೂತು ಆ ಹಾಡುಗಳ ಒಂದೊಂದು ತಿರುವನ್ನೂ ಕಲಿತವರು ಇಲ್ಲಿದ್ದರು. ಕುಣಿಯಲು ಬಿಡದ ನಿಯಮವೇ ಇಷ್ಟು ಒಳ್ಳೆಯ ಕೇಳುಗರನ್ನು ತಯಾರು ಮಾಡಿತು ಎಂದು ಹೇಳಿದರೆ ಅದು ನಿಯಮಕ್ಕೆ ಕೊಡುವ ಹೊಗಳಿಕೆಯಲ್ಲ. ಅದು ಉದ್ದೇಶಿಸದ ಫಲ. ಮತ್ತು ಅದಕ್ಕೆ ತೆತ್ತ ಬೆಲೆ ಬೇರೆಯೇ ಇದೆ.

ಇದಕ್ಕೆ ಮೊದಲ ಆಕ್ಷೇಪ ಹೀಗೆ ಬರಬಹುದು: ಪಬ್ಬುಗಳನ್ನು ರೂಪಿಸಿದ್ದು ಬಿಯರು ಕಂಪನಿ ಮತ್ತು ಕ್ಯಾಸೆಟ್ಟು, ಕಾನೂನಲ್ಲ. ಬ್ರೂವರಿ ಊರೊಳಗೇ ಇತ್ತು, ತಾಜಾ ಡ್ರಾಫ್ಟ್ ಬಿಯರನ್ನು ಅಗ್ಗಕ್ಕೆ ಹರಿಸಬಹುದಿತ್ತು, 1980ರ ದಶಕದಲ್ಲಿ ಕ್ಯಾಸೆಟ್ಟು ಮನೆಮಾತಾಯಿತು, 1991ರಿಂದ ಉಪಗ್ರಹ ವಾಹಿನಿಗಳು ಬಂದವು, ಸರ್ಕಾರಿ ಕಾರ್ಖಾನೆಗಳ ಮತ್ತು ಹೊಸ ಸಾಫ್ಟ್‌ವೇರ್ ಕಂಪನಿಗಳ ಸಂಬಳ ಯುವಕರ ಕೈಯಲ್ಲಿತ್ತು. ಇದೆಲ್ಲ ನಿಜ. ಪಬ್ಬುಗಳು ಯಾಕೆ ಇಲ್ಲಿ ಹುಟ್ಟಿದವು ಎಂಬ ಪ್ರಶ್ನೆಗೆ ಇದು ಸರಿಯಾದ ಉತ್ತರ. ಆದರೆ ಅವು ಯಾಕೆ ಇಂಥ ರೂಪ ತಾಳಿದವು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಕ್ಯಾಸೆಟ್ಟು ಮುಂಬಯಿಯಲ್ಲೂ ಇತ್ತು, ಅಲ್ಲಿ ಅದರ ಹಾಡಿಗೆ ಜನ ಡಿಸ್ಕೊಗಳಲ್ಲಿ ಕುಣಿದರು. ಅಗ್ಗದ ಬಿಯರು ಲಂಡನ್ನಿನ ಪಬ್ಬುಗಳಲ್ಲೂ ಇತ್ತು, 1970ರ ದಶಕದಲ್ಲಿ ಅಲ್ಲಿಯ ಪಬ್ಬುಗಳ ಮೂಲೆಯಲ್ಲೇ ಬ್ಯಾಂಡುಗಳು ನುಡಿಸಿ ಪಬ್ ರಾಕ್ ಎಂಬ ಒಂದು ಪಂಥವೇ ಬೆಳೆಯಿತು. ಬಿಯರು, ಕ್ಯಾಸೆಟ್ಟು, ಸಂಬಳ ಮೂರೂ ಇದ್ದು ಕುಣಿತವೂ ವೇದಿಕೆಯೂ ಇಲ್ಲದ ಬೆಂಗಳೂರಿನಲ್ಲಿ ಹೆಚ್ಚುವರಿಯಾಗಿ ಇದ್ದದ್ದು ಸನ್ನದಿನ ಷರತ್ತು ಮತ್ತು ಅದನ್ನು ಯಾವಾಗ ಬೇಕಾದರೂ ಬಿಗಿಗೊಳಿಸಬಹುದಾದ ಪೊಲೀಸು.

ಆ ಬಿಗಿ 2005ರ ನಂತರ ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆ ವರ್ಷ ಹೊರಟ ಆದೇಶ ಬೆಂಗಳೂರು ನಗರದ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಮೂರೂ ಒಂದೇ ಆದೇಶದೊಳಗೆ ಬಂದವು. ಹಿನ್ನೆಲೆಯಲ್ಲಿದ್ದದ್ದು ಯುವತಿಯರನ್ನು ಕುಣಿಸಿ ಹಣ ಮಾಡುತ್ತಿದ್ದ ಬಾರುಗಳ ವಿವಾದ. ನಮ್ಮ ಪತ್ರಿಕೆಗಳಲ್ಲಿ ಲೈವ್ ಬ್ಯಾಂಡ್ ಎಂದರೆ ಆ ಬಾರುಗಳೇ. ಆದರೆ ನಾಲ್ವರು ಹುಡುಗರು ಗಿಟಾರು, ಡ್ರಮ್ಸ್ ಹಿಡಿದು ತಮ್ಮ ಹಾಡು ನುಡಿಸಿದರೂ ಅದೇ ಬಲೆಗೆ ಬೀಳಬೇಕಾಯಿತು. 2008ರಲ್ಲಿ ಪೊಲೀಸರು ಕುಣಿತದ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿದರು, ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿಸಿದರು. ಪಬ್ಬುಗಳಲ್ಲಿ ಕುಣಿಯಬಾರದೆಂಬ ಫಲಕಗಳು ಏರಿದವು, ಸಂಗೀತಗಾರರು ಬೀದಿಗಿಳಿದು ಪ್ರತಿಭಟಿಸಿದರು. ಮುಚ್ಚುವ ವೇಳೆ 2014ರಲ್ಲಿ ವಾರಾಂತ್ಯಗಳಿಗೆ, 2016ರಲ್ಲಿ ಎಲ್ಲ ದಿನಗಳಿಗೂ ರಾತ್ರಿ ಒಂದರವರೆಗೆ ಸಡಿಲವಾಯಿತು. ಅಷ್ಟರಲ್ಲಿ 2018ರ ಜನವರಿ 25ರಂದು ಸುಪ್ರೀಂ ಕೋರ್ಟು 2005ರ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷವೇ ಚರ್ಚ್ ಸ್ಟ್ರೀಟ್, ಇಂದಿರಾನಗರಗಳ ಪಬ್ಬುಗಳಿಗೆ ನೋಟಿಸುಗಳು ಹೋದವು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪತ್ರ, ಅಗ್ನಿಶಾಮಕ ದಳದ ಒಪ್ಪಿಗೆ ಮುಂತಾದವು ಬೇಕು. ಬೆಂಗಳೂರಿನ ಎಷ್ಟೋ ಹಳೆಯ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರವೇ ಇಲ್ಲ. ಹಲವು ಜಾಗಗಳು ಬ್ಯಾಂಡುಗಳನ್ನು ಕರೆಯುವುದನ್ನೇ ನಿಲ್ಲಿಸಿದವು. ಇಂದಿರಾನಗರದಲ್ಲಿ 2013ರಲ್ಲಿ ಶುರುವಾಗಿ ಹೊಸ ಬ್ಯಾಂಡುಗಳಿಗೆ ಮನೆಯಂತಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು.

ಇಲ್ಲಿ ಎರಡನೆಯ ಆಕ್ಷೇಪ ಎದುರಾಗುತ್ತದೆ, ಮತ್ತು ಇದು ಹಗುರವಾದದ್ದಲ್ಲ. ಕಾನೂನಿಲ್ಲದಿದ್ದರೆ ಜನ ಸಾಯುತ್ತಾರೆ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ದ ಸ್ಟೇಷನ್ ಎಂಬ ರಾಕ್ ಕ್ಲಬ್ಬಿನಲ್ಲಿ ಗ್ರೇಟ್ ವೈಟ್ ಎಂಬ ತಂಡ ವೇದಿಕೆಯ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಗುಲಿ 100 ಮಂದಿ ಸತ್ತರು. 2017ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿ ಪಬ್ಬುಗಳ ಬೆಂಕಿ 14 ಜೀವ ತೆಗೆದುಕೊಂಡಿತು. ಇಂದಿರಾನಗರ, ಕೋರಮಂಗಲಗಳು ವಾಸದ ಬಡಾವಣೆಗಳು, ರಾತ್ರಿ ನಿದ್ದೆ ಬಾರದ ಮುದುಕರ, ಪರೀಕ್ಷೆಗೆ ಓದುವ ಮಕ್ಕಳ ಕಷ್ಟ ಸಂಗೀತಪ್ರೇಮಕ್ಕಿಂತ ಕಡಿಮೆಯದಲ್ಲ. ಬಾರುಗಳಲ್ಲಿ ಹೆಣ್ಣುಮಕ್ಕಳ ಶೋಷಣೆಯೂ ಕಟ್ಟುಕತೆಯಲ್ಲ. ಇದನ್ನೆಲ್ಲ ಒಪ್ಪಿದ ಮೇಲೂ ನನ್ನ ವಾದ ನಿಲ್ಲುತ್ತದೆ, ಯಾಕೆಂದರೆ ಕುಣಿತದ ನಿಷೇಧ ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ರೋಡ್ ಐಲೆಂಡಿನಲ್ಲಿ ಜನರನ್ನು ಕೊಂದದ್ದು ಸುಡುವ ಫೋಮು, ಇಕ್ಕಟ್ಟಾದ ಬಾಗಿಲು ಮತ್ತು ಸ್ಪ್ರಿಂಕ್ಲರ್ ಇಲ್ಲದ ಛಾವಣಿ. ಕೂತು ಕೇಳುತ್ತಿದ್ದರೂ ಅವರು ಸಾಯುತ್ತಿದ್ದರು. ನೆರೆಯವನ ನಿದ್ದೆ ಕೆಡಿಸುವುದು ಸದ್ದಿನ ಮಟ್ಟ, ಅದು ಕ್ಯಾಸೆಟ್ಟಿನಿಂದ ಬಂದರೂ ಒಂದೇ, ಕೊರಳಿನಿಂದ ಬಂದರೂ ಒಂದೇ. ಶೋಷಣೆಗೆ ಕಾರ್ಮಿಕ ಕಾನೂನು, ಮಾನವ ಸಾಗಣೆ ತಡೆಯುವ ಕಾನೂನು ಇವೆ. ಬೆಂಕಿ, ಸದ್ದು, ಶೋಷಣೆಗಳನ್ನು ಅಳೆಯಬಹುದು, ಸಾಬೀತುಪಡಿಸಬಹುದು. ಕುಣಿತವನ್ನು ಅವುಗಳ ಜೊತೆ ಕಟ್ಟಿಹಾಕಿದಾಗ ಅಧಿಕಾರಿಯ ಕೈಗೆ ಸಿಗುವುದು ಸುರಕ್ಷತೆಯ ಸಾಧನವಲ್ಲ, ವಸೂಲಿಗೂ ನೈತಿಕ ಪೊಲೀಸುಗಿರಿಗೂ ದಾರಿ. ಕಾನೂನು ಕುಣಿತವನ್ನು ಅಶಿಸ್ತೆಂದು ಕರೆದ ನಾಡಿನಲ್ಲಿ, 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದವರು ತಾವೂ ಶಿಸ್ತು ಕಾಪಾಡುತ್ತಿದ್ದೇವೆ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಕೃತ್ಯಕ್ಕೆ ಕಾನೂನು ಕಾರಣವೆಂದು ನಾನು ಹೇಳುತ್ತಿಲ್ಲ. ಅದರ ಹಿಂದಿದ್ದ ಮನೋಭಾವ ಮತ್ತು ಈ ನಿಯಮದ ಹಿಂದಿನ ಮನೋಭಾವ ದೂರದವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯ ಆಕ್ಷೇಪ ಕನ್ನಡದ ಒಳಗಿನಿಂದಲೇ ಬರುತ್ತದೆ. ಇದು ಇಂಗ್ಲಿಷು ಬಲ್ಲ, ಜೇಬು ತುಂಬಿದ, ದಂಡಿನ ಕಡೆಯ ಕೆಲವರ ವಿಲಾಸ, ನಮಗೆ ಇದರಿಂದ ಏನು ಎಂದು. ಇದರಲ್ಲಿ ಸತ್ಯದ ಅಂಶವಿದೆ. ಪಬ್ಬಿನ ಬಾಗಿಲಲ್ಲಿ ಭಾಷೆಯೂ ಬಟ್ಟೆಯೂ ಜನರನ್ನು ಸೋಸುತ್ತಿದ್ದವು, ಪಬ್ಬುಗಳಲ್ಲಿ ಕನ್ನಡ ಹಾಡು ಕೇಳಿಸಲು ಬಹಳ ವರ್ಷ ಬೇಕಾದವು. ಆದರೆ ಪಾಶ್ಚಾತ್ಯ ಸಂಗೀತ ಕನ್ನಡನಾಡಿಗೆ ಪರಕೀಯವೆಂಬುದು ಚರಿತ್ರೆಗೆ ಒಪ್ಪದ ಮಾತು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದದ್ದು ಅವರ ಹಣದಿಂದ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಹಾಡಿದರು, ಕರ್ನಾಟಕದ ಹಳ್ಳಿಹಳ್ಳಿಯೂ ಅದನ್ನು ಮೆಚ್ಚಿ ಗುನುಗಿತು. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಸುಗಳ ಮೇಲೆ ಹಾಡಿದರು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದವರೆಗೂ ಹೋದರು. ರಾಕ್ ಕನ್ನಡವಾಗಬಲ್ಲದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಅದು ಇನ್ನೂ ಮೊದಲೇ, ಇನ್ನೂ ಹೆಚ್ಚಾಗಿ ಕನ್ನಡವಾಗದಿರಲು ಒಂದು ಕಾರಣ ನಾನು ಹೇಳುತ್ತಿರುವ ವಿಷಯದಲ್ಲೇ ಇದೆ.

ಯಾಕೆಂದರೆ ಕ್ಯಾಸೆಟ್ಟಿನ ಕಪಾಟಿಗೆ ಹೊಸ ಹಾಡು ಹುಟ್ಟಿಸಲು ಬರುವುದಿಲ್ಲ. ನ್ಯೂಯಾರ್ಕಿನ ಬೌವರಿ ಬೀದಿಯಲ್ಲಿ ಹಿಲ್ಲಿ ಕ್ರಿಸ್ಟಲ್ 1973ರಲ್ಲಿ ತೆರೆದ ಸಿಬಿಜಿಬಿ ಎಂಬ ಕೊಳಕು ಬಾರಿನಲ್ಲಿ ಒಂದು ಷರತ್ತಿತ್ತು, ಬಂದ ತಂಡ ತನ್ನದೇ ಹಾಡು ನುಡಿಸಬೇಕು. ಬೇರೆಯವರ ಹಾಡಿಗೆ ತೆರಬೇಕಾದ ರಾಯಧನ ಉಳಿಯಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆ ಷರತ್ತಿನಿಂದಲೇ ರಮೋನ್ಸ್, ಪ್ಯಾಟಿ ಸ್ಮಿತ್, ಟಾಕಿಂಗ್ ಹೆಡ್ಸ್‌ರಂಥವರ ಸ್ವಂತ ಹಾಡುಗಳು ವಾರವಾರವೂ ಕೇಳುಗರ ಎದುರು ಹದಗೊಂಡವು. 2006ರಲ್ಲಿ ಅದು ಮುಚ್ಚುವ ಹೊತ್ತಿಗೆ ಪಂಕ್ ಎಂಬ ಸಂಗೀತದ ತವರೆಂದು ಲೋಕ ಒಪ್ಪಿತ್ತು. ಬೆಂಗಳೂರಿನ ಹುಡುಗರಿಗೆ ಅಂಥ ಸಣ್ಣ, ಅಗ್ಗದ, ವಾರದ ವೇದಿಕೆ ಬಹುಕಾಲ ಸಿಗಲಿಲ್ಲ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರ ಕ್ರಿಪ್ಟೋಸ್‌ನಂಥ ತಂಡಗಳು ಕಾಲೇಜು ಉತ್ಸವಗಳನ್ನೂ ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್‌ನಂಥ ಸ್ಪರ್ಧೆಗಳನ್ನೂ ನೆಚ್ಚಬೇಕಾಯಿತು. ಸ್ಪರ್ಧೆ ವರ್ಷಕ್ಕೊಮ್ಮೆ ಬರುತ್ತದೆ, ತೀರ್ಪುಗಾರರು ಗುರುತಿಸುವ ಹಾಡಿಗೆ ಅಲ್ಲಿ ಅಂಕ. ಪಬ್ಬಿನ ಗಿರಾಕಿಗೂ ಚೀಟಿಯಲ್ಲಿ ಬರೆಯಲು ತಿಳಿದದ್ದು ಹಳೆಯ ಇಂಗ್ಲಿಷ್ ಹಾಡುಗಳೇ. ಹೀಗೆ ಎರಡು ಕಡೆಯಿಂದಲೂ ಅನುಕರಣೆಗೆ ಬೆಲೆ ಬಂತು. ತನ್ನ ಭಾಷೆಯಲ್ಲಿ ತನ್ನ ಹಾಡು ಕಟ್ಟಬೇಕೆಂದವನು ಅದನ್ನು ಸೋತು ಗೆದ್ದು ತಿದ್ದಿಕೊಳ್ಳುವ ಜಾಗವಿಲ್ಲದೆ ಉಳಿದ. ಒಬ್ಬ ಮೈಕೊ ಕಾರ್ಮಿಕನ ಮಗನೋ ಎಚ್‌ಎಂಟಿ ಕ್ವಾರ್ಟರ್ಸಿನ ಹುಡುಗಿಯೋ ಕನ್ನಡದಲ್ಲಿ ರಾಕ್ ಹಾಡು ಬರೆದು ಮೂವತ್ತು ಜನರ ಎದುರು ಮಂಗಳವಾರ ರಾತ್ರಿ ಹಾಡಿ, ಮುಂದಿನ ಮಂಗಳವಾರ ತಿದ್ದಿ ಹಾಡುವಂತಿದ್ದರೆ ನಮ್ಮ ಸಂಗೀತದ ಚರಿತ್ರೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ.

ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂ ಶಾಸ್ತ್ರೀಯ ಸಂಗೀತದ ಜೊತೆಗೆ ಇಂದಿನ ಸ್ವತಂತ್ರ ಸಂಗೀತಕ್ಕೂ ಜಾಗ ಕೊಟ್ಟಿದೆ. ಸಂಗೀತದ ನೆನಪನ್ನು ಕಾಪಿಡುವ ಮನಸ್ಸು ಈ ಊರಿನಲ್ಲಿದೆ, ಅದನ್ನು ಹುಟ್ಟಲು ಬಿಡುವ ಮನಸ್ಸೂ ಬೇಕು. ಅದಕ್ಕೆ ದೊಡ್ಡ ಯೋಜನೆ, ಅನುದಾನ ಯಾವುದೂ ಬೇಕಿಲ್ಲ. 1967ರ ನಿಯಮದಲ್ಲಿ ಗಲಾಟೆ ಮತ್ತು ಜೂಜಿನ ಸಾಲಿನಿಂದ ಕುಣಿತವನ್ನು ತೆಗೆಯಬೇಕು. 2005ರ ಆದೇಶದಲ್ಲಿ ಹಾಡುವ ಬ್ಯಾಂಡನ್ನು ಕ್ಯಾಬರೆಯಿಂದ ಬೇರ್ಪಡಿಸಬೇಕು. ನೂರು ಜನಕ್ಕಿಂತ ಕಡಿಮೆ ಹಿಡಿಸುವ ಜಾಗಗಳಿಗೆ ಬಾಗಿಲು, ಬೆಂಕಿ, ಸದ್ದು ಈ ಮೂರನ್ನಷ್ಟೇ ನೋಡುವ ಸರಳ ಪರವಾನಗಿ ಕೊಡಬೇಕು, ಆ ಮೂರರಲ್ಲಿ ತಪ್ಪಿದವರನ್ನು ಮುಲಾಜಿಲ್ಲದೆ ಮುಚ್ಚಿಸಬೇಕು. ನ್ಯೂಯಾರ್ಕು ತನ್ನ ಕಾನೂನು ತೆಗೆಯಲು 91 ವರ್ಷ ತೆಗೆದುಕೊಂಡಿತು, ಜಪಾನು 67 ವರ್ಷಕ್ಕೆ ತಿದ್ದುಪಡಿ ಮಾಡಿತು. ನಮ್ಮ ನಿಯಮಕ್ಕೆ ಅರ್ಧ ಶತಮಾನ ಕಳೆದಿದೆ. ವಿಧಾನಸೌಧದಲ್ಲಿ ಕೂತವರು ಇದನ್ನು ಈ ಅವಧಿಯಲ್ಲೇ ತಿದ್ದಬೇಕು.